ರಜೆ ಸರಿ, ಬದಲಿಗೆ ಯಾರು?

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ನಿಲ್ದಾಣಗಳಲ್ಲಿ ರಾಶಿ ಬಿದ್ದ ಸೂಟ್‌ಕೇಸುಗಳನ್ನು ಎಲ್ಲ ವಾಹಿನಿಗಳೂ ತೋರಿಸಿದವು. ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆಯಿದ್ದ ಬಿಡುವನ್ನು 48 ಗಂಟೆಗೆ ಏರಿಸಿ, ವಾರಕ್ಕೆ ಆರು ಸಲ ರಾತ್ರಿ ಹೊತ್ತು ವಿಮಾನ ಇಳಿಸಬಹುದಿದ್ದದ್ದನ್ನು ಎರಡಕ್ಕೆ ತಗ್ಗಿಸಿ ವಿಮಾನಯಾನ ನಿರ್ದೇಶನಾಲಯ ನಿಯಮ ಮಾಡಿತ್ತು. ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರ್‌ನಲ್ಲಿ, ಎರಡು ಕಂತಾಗಿ. ಅಷ್ಟು ಕಾಲಾವಕಾಶವಿದ್ದರೂ ಕಂಪನಿ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಸಾವಿರಾರು ವಿಮಾನಗಳು ರದ್ದಾದವು. ಕೊನೆಗೆ ಹಿಂದೆ ಸರಿದದ್ದು ನಿಯಮವೇ: ಮುಂದಿನ ಫೆಬ್ರುವರಿವರೆಗೆ ಕಂಪನಿಗೆ ವಿನಾಯಿತಿ ಸಿಕ್ಕಿತು.

ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತನಾದ ನನಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ. ಡ್ಯೂಟಿ ರೋಸ್ಟರ್ ಬರೆದು ಕೈ ಸವೆಸಿದ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ. ರಜೆ ಕೊಡುವುದು ಕಾನೂನಿನ ಪುಸ್ತಕವಲ್ಲ, ಇನ್ನೊಬ್ಬ ಆಳು. ಆ ಇನ್ನೊಬ್ಬ ಇಲ್ಲದ ಕಡೆ ವಾರದ ರಜೆ, ಎಂಟು ಗಂಟೆಯ ಕೆಲಸ, ಹಬ್ಬದ ಬಿಡುವು ಎಲ್ಲವೂ ಬರೀ ಕಾಗದ. ವಿಮಾನ ನಿಂತರೆ ದೇಶಕ್ಕೆಲ್ಲ ತಿಳಿಯುತ್ತದೆ. ನಾನೀಗ ಬಂದು ನೆಲೆಸಿರುವ ಎಮ್ಮೆದೊಡ್ಡಿ ಸೀಮೆಯಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ನಿಲ್ಲದಂತೆ ನೋಡಿಕೊಳ್ಳಲು ಯಾರು ಏನು ತೆರುತ್ತಿದ್ದಾರೆ ಎನ್ನುವುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಮೊದಲು ರೈಲ್ವೆ ಲೆಕ್ಕ ಹೇಳುತ್ತೇನೆ. ಸ್ಟೇಷನ್ನಿಗೆ ಬೀಗ ಹಾಕಿಕೊಂಡು ಹೋಗುವಂತಿಲ್ಲ. ದಿನಕ್ಕೆ ಎಂಟೆಂಟು ಗಂಟೆಯ ಮೂರು ಪಾಳಿ, ವಾರಕ್ಕೆ 21 ಪಾಳಿ. ವಾರಕ್ಕೊಂದು ದಿನ ಬಿಡುವು ಕೊಟ್ಟರೆ ಒಬ್ಬ ಮಾಸ್ಟರು ಆರು ಪಾಳಿ ಮಾಡುತ್ತಾರೆ, ಮೂವರು ಸೇರಿದರೆ 18. ಮಿಕ್ಕ ಮೂರು ಪಾಳಿ ಯಾರದು? ಅದಕ್ಕೆಂದೇ ರೆಸ್ಟ್ ಗಿವರ್ ಅನ್ನುವ ಹುದ್ದೆಯಿದೆ. ಲೆಕ್ಕದ ಪ್ರಕಾರ ಸ್ಟೇಷನ್ನಿಗೆ ಅರ್ಧ ಆಳು ಬೇಕು. ಅರ್ಧ ಆಳು ಸಿಗುವುದಿಲ್ಲವಲ್ಲ, ಆದ್ದರಿಂದ ಎರಡು ಸ್ಟೇಷನ್ನಿಗೆ ಒಬ್ಬ. ಮೂರು ಪಾಳಿ ಅಜ್ಜಂಪುರ, ಮೂರು ಪಾಳಿ ಶಿವನಿ ಎನ್ನುವ ಹಾಗೆ ಊಟದ ಡಬ್ಬಿ, ಟಾರ್ಚು ಹಿಡಿದು ಪ್ಯಾಸೆಂಜರ್ ಹತ್ತಿ ಇಳಿಯುತ್ತಾ ಇರುವವನು ಅವನು. ಅವನಲ್ಲದೆ ಲೀವ್ ರಿಸರ್ವ್ ಎಂದು ಇನ್ನೊಂದು ಪಟ್ಟಿ. ಯಾರಾದರೂ ಮದುವೆಗೋ ಆಸ್ಪತ್ರೆಗೋ ಹೋದರೆ ಅವರ ಜಾಗದಲ್ಲಿ ನಿಲ್ಲುವವರು ಇವರು. ಆರ್.ಜಿ., ಎಲ್.ಆರ್. ಎಂದು ಬಾಯಲ್ಲಿ ಚಿಕ್ಕದಾಗಿ ಕರೆದರೂ ನಾವು ಮನೆಯ ಮುಖ ನೋಡಿದ್ದು ಅವರ ದೆಸೆಯಿಂದ.

ಈ ವ್ಯವಸ್ಥೆ ರೈಲ್ವೆಯ ಔದಾರ್ಯದಿಂದ ಹುಟ್ಟಿದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿ ಕೆಲಸದ ಗಂಟೆಗಳ ಬಗ್ಗೆ, 1921ರಲ್ಲಿ ಜಿನೀವಾದಲ್ಲಿ ಸೇರಿ ವಾರದ ಬಿಡುವಿನ ಬಗ್ಗೆ ಒಪ್ಪಂದ ಮಾಡಿತು. ಅದಕ್ಕೆ ಅನುಗುಣವಾಗಿ ಬ್ರಿಟಿಷ್ ಸರ್ಕಾರ 1930ರಲ್ಲಿ ರೈಲ್ವೆ ಕಾಯ್ದೆಗೆ ತಿದ್ದುಪಡಿ ತಂದಿತು. ಅದೇ ಎಳೆ ಈಗ 1989ರ ರೈಲ್ವೆ ಕಾಯ್ದೆಯ 14ನೇ ಅಧ್ಯಾಯದಲ್ಲಿದೆ. ಕೆಲಸದ ಒತ್ತಡ ನೋಡಿ ಅಲ್ಲಿ ವರ್ಗ ಮಾಡಿದ್ದಾರೆ. ತಲೆ ಎತ್ತಲೂ ಬಿಡದ ಕೆಲಸಕ್ಕೆ ವಾರಕ್ಕೆ 45 ಗಂಟೆ, ಒಂದೇ ಸಮ ಸಾಗುವ ಕೆಲಸಕ್ಕೆ 54, ಬಹುಪಾಲು ಹೊತ್ತು ಕಾದು ಕೂರುವ ಕೆಲಸಕ್ಕೆ 75. ಮೊದಲೆರಡು ವರ್ಗಕ್ಕೆ ವಾರಕ್ಕೊಮ್ಮೆ ಒಟ್ಟಿಗೆ 30 ಗಂಟೆ ಬಿಡುವು. ಕಾಯುವ ಕೆಲಸದವರಿಗೆ 24 ಗಂಟೆ, ಅದರೊಳಗೆ ಒಂದು ಪೂರ್ತಿ ರಾತ್ರಿ ಬರಲೇಬೇಕು. ರೈಲ್ವೆಯೇನೂ ಸ್ವರ್ಗವಲ್ಲ. ವಾರಕ್ಕೆ 46 ಗಂಟೆ ಬಿಡುವು ಬೇಕೆಂದು ಲೋಕೋ ಪೈಲಟ್‌ಗಳು 2024ರಲ್ಲೂ ಹೋರಾಟಕ್ಕಿಳಿದರು. ಆದರೆ ಬಿಡುವಿಗೆ ಒಂದು ಹುದ್ದೆ ಬೇಕು ಎಂಬ ಮಾತು ಅಲ್ಲಿ ಬರಹದಲ್ಲಿದೆ. ಬರಹದಲ್ಲಿ ಇದ್ದರೆ ಅದನ್ನು ಮುಂದಿಟ್ಟುಕೊಂಡು ಜಗಳವನ್ನಾದರೂ ಆಡಬಹುದು.

ಈಗ ನಮ್ಮೂರಿಗೆ ಬರೋಣ. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಸೀಮೆ ಗಿರಿಸಾಲು ಕಣ್ಣಿಗೆ ಬೀಳುವ ಕಾಡಂಚಿನ ನಾಡು. ಜನಪದ ಹಾಡಿನಿಂದ ಹೆಸರಾದ ಮದಗದ ಕೆರೆ ಇಲ್ಲೇ ಮಗ್ಗುಲಲ್ಲಿದೆ. ಕೆರೆ ಎಷ್ಟೇ ದೊಡ್ಡದಿರಲಿ, ನಮ್ಮ ಹಳ್ಳಿಗೆ ಕುಡಿಯುವ ನೀರು ಬೋರಿನದು. ಒಂದು ಬೋರು ಊರ ಮುಂದಿನ ಗುಂಡುತೋಪಿನ ಹತ್ತಿರ, ಇನ್ನೊಂದು ಹೊಲಗಳನ್ನು ದಾಟಿ ಕಾಡಿನ ಕಡೆಗೆ. ಓವರ್‌ಹೆಡ್ ಟ್ಯಾಂಕು ಒಂದು, ಅಲ್ಲಲ್ಲಿ ಸಿಸ್ಟನ್ನುಗಳು. ಇವುಗಳಿಗೆಲ್ಲ ಒಬ್ಬನೇ ನೀರಿನವನು. ಪಂಚಾಯಿತಿ ಕಾಗದದಲ್ಲಿ ವಾಟರ್‌ಮ್ಯಾನ್. ಹಳಬರ ಬಾಯಲ್ಲಿ ಈಗಲೂ ನೀರುಗಂಟಿ.

ಅವನ ದಿನ ಶುರುವಾಗುವುದು ಎಲ್ಲಿಂದ ಎಂದು ಹೇಳುವುದೇ ಕಷ್ಟ. ಕಾಡಿನ ಕಡೆಯ ಬೋರು ಪಂಪ್‌ಸೆಟ್ಟುಗಳ ಲೈನಿನಲ್ಲಿದೆ. ಆ ಲೈನಿಗೆ ತ್ರೀ ಫೇಸ್ ಕರೆಂಟು ಹಗಲಲ್ಲಿ ಒಂದಿಷ್ಟು, ರಾತ್ರಿ ಒಂದಿಷ್ಟು. ರಾತ್ರಿಯ ಪಾಳಿ ಬಂದ ವಾರ ಅವನು ಹನ್ನೊಂದಕ್ಕೋ ಹನ್ನೆರಡಕ್ಕೋ ಟಾರ್ಚು ಹಿಡಿದು ಹೋಗಿ ಸ್ಟಾರ್ಟರ್ ಒತ್ತಿ ಬರಬೇಕು. ಚಿರತೆ ಕಂಡಿತಂತೆ ಎಂಬ ಸುದ್ದಿ ಇದ್ದರೆ ಜೊತೆಗೆ ತಮ್ಮನನ್ನು ಎಬ್ಬಿಸಿಕೊಂಡು ಹೋಗುತ್ತಾನೆ. ಟ್ಯಾಂಕು ತುಂಬಿತೇ ಎಂದು ನಡುರಾತ್ರಿ ಮತ್ತೊಮ್ಮೆ ನೋಡಬೇಕು, ತುಂಬಿ ಚೆಲ್ಲಿದರೆ ಬೆಳಗ್ಗೆ ಮೆಂಬರ್ ಫೋನು ಮಾಡುತ್ತಾರೆ. ಬೆಳಗಿನ ಐದೂವರೆಗೆ ವಾಲ್ ತಿರುಗಿಸಲು ಶುರು. ಮೇಲಿನ ಕೇರಿಗೆ ಮುಕ್ಕಾಲು ಗಂಟೆ, ಶಾಲೆ ಬೀದಿಗೆ ಅಷ್ಟೇ ಹೊತ್ತು, ಕಾಲೊನಿಗೆ ಕೊನೆಯಲ್ಲಿ. ಕೊನೆಯಲ್ಲಿ ಬರುವವರಿಗೆ ಸಣ್ಣಗೆ ಬರುತ್ತದೆ, ಬಯ್ಗುಳವೂ ಅವನ ಪಾಲಿಗೆ. ಒಂಬತ್ತರ ಹೊತ್ತಿಗೆ ಒಂದು ಸುತ್ತು ಮುಗಿದರೆ ಎಲ್ಲೋ ಪೈಪು ಒಡೆದಿರುತ್ತದೆ. ಮಧ್ಯಾಹ್ನ ಗುಂಡಿ ತೋಡುವುದು, ರಬ್ಬರ್ ಸುತ್ತುವುದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದು. ಸಂಜೆ ಮತ್ತೆ ವಾಲ್. ಮೈ ಬಗ್ಗಿಸಿದ ಹೊತ್ತು ಕೂಡಿಸಿದರೆ ಏಳೆಂಟು ಗಂಟೆ ಆದೀತು. ಆದರೆ ಮೊದಲ ಸ್ಟಾರ್ಟರ್‌ನಿಂದ ಕೊನೆಯ ವಾಲ್‌ವರೆಗೆ ಹಿಡಿದರೆ ಇಡೀ ಹಗಲೂ ರಾತ್ರಿಯೂ ಅವನು ಊರಿನ ಕೈಗೆ ಸಿಕ್ಕಿಕೊಂಡಿರುತ್ತಾನೆ. ಗಾಡಿ ಹತ್ತಿ ಕಡೂರಿಗೆ ಹೋದರೂ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ.

"ವಾರಕ್ಕೊಂದು ದಿನ ರಜ ತಗೊಳ್ಳಲ್ವೇನಪ್ಪ?" ಎಂದು ಒಮ್ಮೆ ಕೇಳಿದೆ.

"ತಗೋಬೋದು ಮಾಸ್ಟ್ರೇ. ನೀವೆಲ್ಲ ಅವತ್ತು ನೀರು ಕುಡೀದೆ ಇದ್ರೆ ತಗೋತೀನಿ" ಎಂದು ನಕ್ಕ.

ದಸರಾದಲ್ಲಿ ಸುತ್ತಲ ಊರುಗಳೆಲ್ಲ ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಹೊರಟಾಗ ಇವನು ಹೋಗುವಂತಿಲ್ಲ. ಹಬ್ಬಕ್ಕೆ ನೆಂಟರು ಬಂದು ಊರಿನಲ್ಲಿ ನೀರಿನ ಖರ್ಚು ಹೆಚ್ಚುವುದೇ ಆವಾಗ. ಹಬ್ಬ ಊರಿನವರಿಗೆ, ಡಬಲ್ ಡ್ಯೂಟಿ ಇವನಿಗೆ.

ಹಾಗಾದರೆ ಇವನಿಗೆ ಬದಲಿ ಆಳು ಇಲ್ಲವೇ ಇಲ್ಲ ಎಂದಲ್ಲ. ಕಳೆದ ಮಳೆಗಾಲ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಊರಿಗೆ ನೀರು ಬಿಟ್ಟವಳು ಅವನ ಹೆಂಡತಿ. ಟೀ ಆಕಾರದ ಕಬ್ಬಿಣದ ಕೀ ಮೊಳದುದ್ದಕ್ಕೂ ಹೆಚ್ಚಿನದು, ತುಕ್ಕು ಹಿಡಿದ ವಾಲ್‌ಗೆ ಎರಡು ಕೈಯ ಬಲ ಬೇಕು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಫೋನನ್ನು ಗುಂಡಿಯ ಕಟ್ಟೆಯ ಮೇಲೆ ಸ್ಪೀಕರ್ ಹಾಕಿ ಇಟ್ಟುಕೊಂಡಿದ್ದಳು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಗಂಡ ಆ ಕಡೆಯಿಂದ ಹೇಳುತ್ತಿದ್ದ: ಇದನ್ನ ಪೂರ್ತಿ ಕಟ್ಟಬೇಡ, ಎರಡು ಸುತ್ತು ಬಿಡು, ಇಲ್ಲಾಂದ್ರೆ ಆ ಕಡೆ ಪೈಪು ಎದ್ದೋಗುತ್ತೆ. ಆಕೆಯ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ, ಕೂಲಿಯೂ ಇಲ್ಲ. ರೈಲ್ವೆಯ ಮಾತಿನಲ್ಲಿ ಹೇಳುವುದಾದರೆ ನಮ್ಮೂರಿನ ಎಲ್.ಆರ್. ಆಕೆ. ರಾತ್ರಿ ಟಾರ್ಚು ಹಿಡಿದು ಜೊತೆಗೆ ಹೋಗುವ ತಮ್ಮ ಆರ್.ಜಿ.

ಹುದ್ದೆ ಮಂಜೂರು ಮಾಡದಿದ್ದರೆ ಆ ಕೆಲಸ ಮಾಯವಾಗುವುದಿಲ್ಲ, ಕೆಲಸಗಾರನ ಮನೆಯೊಳಕ್ಕೆ ಸರಿದುಹೋಗುತ್ತದೆ. ಒಬ್ಬರಿಗೆ ಸಂಬಳ ಕೊಟ್ಟು ಮೂವರನ್ನು ದುಡಿಸಿಕೊಳ್ಳುವ ಈ ಏರ್ಪಾಡನ್ನು ನಾವು ಉಳಿತಾಯ ಎಂದು ತಿಳಿದುಕೊಂಡಿದ್ದೇವೆ.

ಕಾನೂನು ಏನು ಹೇಳುತ್ತದೆ? 1948ರ ಕನಿಷ್ಠ ವೇತನ ಕಾಯ್ದೆ ಬರೀ ದುಡ್ಡಿನ ಮಾತಾಡಿದ್ದಲ್ಲ. ದಿನದ ಕೆಲಸಕ್ಕೆ ಇಂತಿಷ್ಟು ಗಂಟೆ ಎಂದು ಗೊತ್ತುಮಾಡುವ, ಏಳು ದಿನಕ್ಕೊಂದು ದಿನ ಬಿಡುವು ಕೊಡಿಸುವ ಅಧಿಕಾರವನ್ನು ಅದರ 13ನೇ ಕಲಂ ಸರ್ಕಾರಕ್ಕೆ ಕೊಟ್ಟಿತ್ತು, ಹೆಚ್ಚುವರಿ ಕೆಲಸಕ್ಕೆ ಹೆಚ್ಚುವರಿ ಕೂಲಿಯ ಮಾತು 14ನೇ ಕಲಂನಲ್ಲಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಜಾಗ ಹಿಡಿದವು. ವೇತನ ಸಂಹಿತೆಯಲ್ಲೂ ಅದೇ ವಾರದ ಬಿಡುವು ಇದೆ, ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಕೂಲಿ ಇದೆ. ಅಂಗಡಿ ಮುಂಗಟ್ಟುಗಳಿಗೆ ರಾಜ್ಯದ 1961ರ ಕಾಯ್ದೆ: ದಿನಕ್ಕೆ 9 ಗಂಟೆ, ವಾರಕ್ಕೆ 48, ವಾರಕ್ಕೊಂದು ರಜೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ, ಕಾಯಿಲೆ ಕಸಾಲೆಗೆ ವರ್ಷಕ್ಕೆ 12 ದಿನ. 1963ರ ಇನ್ನೊಂದು ಕಾಯ್ದೆ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವಗಳ ಜೊತೆಗೆ ಇನ್ನೈದು ಹಬ್ಬಕ್ಕೆ ಸಂಬಳ ಸಹಿತ ರಜೆ ಕೊಡಿಸುತ್ತದೆ.

ಪಟ್ಟಿ ಓದಲು ಚೆನ್ನಾಗಿದೆ. ಆದರೆ ಇವೆಲ್ಲ ಕೆಲಸ ಕೊಟ್ಟವನಿಗೆ ಹೇಳುವುದು ಇಷ್ಟೇ: ಈ ಮನುಷ್ಯನನ್ನು ಇದಕ್ಕಿಂತ ಹೆಚ್ಚು ದುಡಿಸಬೇಡ. ಅವನಿಲ್ಲದಾಗ ಯಾರು ಎಂದು ಇವುಗಳಲ್ಲಿ ಯಾವ ಕಾನೂನೂ ಕೇಳುವುದಿಲ್ಲ. ಕಾರ್ಖಾನೆಯಲ್ಲಿ ಆ ಪ್ರಶ್ನೆಗೆ ಉತ್ತರ ಸುಲಭ. ನೂರು ಜನರಲ್ಲಿ ಹತ್ತು ಜನ ರಜೆ ಹಾಕಿದರೆ ತೊಂಬತ್ತು ಜನ ಎಳೆಯುತ್ತಾರೆ. ಒಂದು ಹುದ್ದೆಗೆ ಒಂದೇ ಆಳಿರುವ ಕಡೆ ಹಾಗಾಗುವುದಿಲ್ಲ. ಹಳ್ಳಿಯ ಸರ್ಕಾರವೆಲ್ಲ ಈ ಒಂಟಿ ಹುದ್ದೆಗಳ ಮೇಲೆಯೇ ನಿಂತಿದೆ.

ಅಂಗನವಾಡಿ ನೋಡಿ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಗೆ ಐವತ್ತು ತುಂಬಿತು. ಒಬ್ಬ ಟೀಚರ್, ಒಬ್ಬ ಸಹಾಯಕಿ. ಟೀಚರ್ ಮೀಟಿಂಗಿಗೆ ಹೋದರೆ ಸಹಾಯಕಿಯೇ ಟೀಚರ್. ಸಹಾಯಕಿಗೆ ಜ್ವರ ಬಂದರೆ ಟೀಚರೇ ಸೌದೆ, ಪಾತ್ರೆ, ಮಕ್ಕಳ ಮೂಗು ಎಲ್ಲ. ಇಬ್ಬರಿಗೂ ಆಗದ ದಿನ ಕೀ ಪಕ್ಕದ ಮನೆಗೆ. ಇವರು ನಾಗರಿಕ ಹುದ್ದೆಯಲ್ಲಿರುವ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ನಮ್ಮ ರಾಜ್ಯದ್ದೇ ಮೊಕದ್ದಮೆಯಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು ಗುಜರಾತಿನ ಮೊಕದ್ದಮೆಯಲ್ಲಿ ಇವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ದುಡಿಮೆ ಮುಗಿದ ಮೇಲಿನ ಹಕ್ಕು ಸಿಕ್ಕಿತು, ದುಡಿಯುವಾಗಿನ ಬಿಡುವು ಈಗಲೂ ಗೌರವಧನ ಎಂಬ ಗೌರವದ ಅಡಿಯಲ್ಲೇ ಬಿದ್ದಿದೆ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದು ದಿನ, ವರ್ಷಕ್ಕೆ 12, ಸಂಬಳ ಕಡಿತವಿಲ್ಲ. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನವೆಂಬರ್‌ನ ಆದೇಶ ಕಾರ್ಖಾನೆ, ಅಂಗಡಿ, ತೋಟ, ಬೀಡಿ, ಮೋಟಾರು ಸಾರಿಗೆ ಈ ಕಾಯ್ದೆಗಳ ಅಡಿಯಲ್ಲಿ ನೋಂದಣಿಯಾದ ಸಂಸ್ಥೆಗಳ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟಿತು. ನಾಳೆ ಅದನ್ನು ಅಂಗನವಾಡಿಗೂ ಚಾಚಿದರು ಎಂದಿಟ್ಟುಕೊಳ್ಳಿ. ಆ ದಿನ ನಮ್ಮೂರ ಮಕ್ಕಳಿಗೆ ಅನ್ನ ಬೇಯಿಸುವವರು ಯಾರು? ಉತ್ತರ ಇಲ್ಲದಿದ್ದರೆ ಆಕೆ ಹೊಟ್ಟೆ ಹಿಡಿದುಕೊಂಡೇ ಬರುತ್ತಾಳೆ. ಕಾಗದದ ಮೇಲೆ ರಜೆ ಆಕೆಯ ಹಕ್ಕು, ರಜೆ ಹಾಕದಿದ್ದದ್ದು ಆಕೆಯ ಇಷ್ಟ. ಇಂಥ ಸ್ವಾತಂತ್ರ್ಯ ಯಾರಿಗೆ ಬೇಕು?

ಗ್ರಾಮ ಲೆಕ್ಕಿಗರ ಕಥೆಯೂ ಇದೇ. ಅವರಿಗೀಗ ಗ್ರಾಮ ಆಡಳಿತ ಅಧಿಕಾರಿ ಎಂಬ ದೊಡ್ಡ ಹೆಸರಿದೆ. ಬೆಳೆ ಸಮೀಕ್ಷೆಗೊಂದು ಆ್ಯಪ್, ಪಹಣಿಗೆ ಆಧಾರ್ ಜೋಡಿಸಲು ಒಂದು, ಸರ್ಕಾರಿ ಜಮೀನಿನ ಗುರುತಿಗೆ ಒಂದು ಎಂದು ಅವರ ಮೊಬೈಲಿನಲ್ಲಿ ಕೆಲಸ ತುಂಬುತ್ತಾ ಹೋಯಿತು, ಆಳು ಹೆಚ್ಚಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಒಮ್ಮೆ, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಅವರು ರಾಜ್ಯದಾದ್ಯಂತ ಮುಷ್ಕರ ಕೂತರು. ಅವರಿಗೆ ಸಂಘವಿದೆ, ಸರ್ಕಾರಿ ನೌಕರರೆಂಬ ಬಲವಿದೆ, ಕೂತರು. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರಿಗೂ ಅದೇ ಪಾಡು. ಅವರು ರಜೆ ಚೀಟಿ ಬರೆದರೆ ಪಕ್ಕದ ಶಾಲೆಯಿಂದ ಒಬ್ಬರನ್ನು ನಿಯೋಜನೆ ಮಾಡುತ್ತಾರೆ. ಅಲ್ಲಿ ಎರಡು ತರಗತಿ ಒಂದಾಗುತ್ತದೆ. ಹೊದಿಕೆ ತಲೆಗೆ ಎಳೆದರೆ ಕಾಲಿಗಿಲ್ಲ ಎನ್ನುವ ಸ್ಥಿತಿ.

ಹೀಗಿರುವಾಗ ಸರ್ಕಾರಗಳ ಚಿತ್ತ ಎತ್ತ ಹರಿದಿದೆ ನೋಡಿ. 2023ರಲ್ಲಿ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿ ಉಳಿಸಿಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿ 145ಕ್ಕೆ ಏರಿತು. 2024ರ ಜುಲೈನಲ್ಲಿ ಐ.ಟಿ. ಕಂಪನಿಗಳಿಗೆ 14 ಗಂಟೆಯ ದಿನದ ಮಾತು ಎದ್ದು ಗಲಾಟೆಯಾಯಿತು. 2025ರ ಜೂನ್‌ನಲ್ಲಿ ಅಂಗಡಿ ಕಾಯ್ದೆಯ 9 ಗಂಟೆಯನ್ನು 10 ಮಾಡುವ, ಓಟಿ ಸೇರಿ 12ಕ್ಕೆ ಒಯ್ಯುವ ಪ್ರಸ್ತಾವ ಬಂದು ಕಾರ್ಮಿಕ ಸಂಘಗಳು ಎದ್ದು ನಿಂತವು. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಒಬ್ಬ ಉದ್ಯಮಿ, 90 ಎಂದು ಇನ್ನೊಬ್ಬರು ಹೇಳಿದ್ದನ್ನು ಎಲ್ಲರೂ ಓದಿದ್ದೇವೆ.

ರೋಸ್ಟರ್ ಬರೆಯುವವನ ಕಣ್ಣಿನಿಂದ ನೋಡಿದರೆ ಇದರ ಒಳಗುಟ್ಟು ಬೇಗ ಬಿಡಿಸಿಕೊಳ್ಳುತ್ತದೆ. ಎಂಟು ಗಂಟೆಯ ದಿನವಾದರೆ ಇಪ್ಪತ್ತನಾಲ್ಕು ಗಂಟೆಗೆ ಮೂರು ಪಾಳಿ ಬೇಕು, ಹನ್ನೆರಡು ಗಂಟೆಯದಾದರೆ ಎರಡು ಸಾಕು. ವಾರದ 48ರ ಮಿತಿಯನ್ನು ನಿಯತ್ತಾಗಿ ಪಾಲಿಸಿದರೆ ಆಳುಗಳ ಸಂಖ್ಯೆ ಇಳಿಯುವುದಿಲ್ಲ. ನಾಲ್ಕು ದಿನ ದುಡಿದವನಿಗೆ ಮೂರು ದಿನ ಬಿಡುವು ಕೊಡಲೇಬೇಕು. ಆ ಮೂರು ದಿನವನ್ನು ಓಟಿ ಎಂಬ ಬಾಗಿಲಿನಿಂದ ವಾಪಸ್ಸು ಪಡೆಯಬಹುದಾದರೆ ಮಾತ್ರ ಉಳಿತಾಯ. ಓಟಿಯ ಮಿತಿಯನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿದ್ದು ಸುಮ್ಮನೆ ಅಲ್ಲ. ಗಂಟೆ ಹೆಚ್ಚಿಸುವ ಪ್ರತಿ ಪ್ರಸ್ತಾವದ ಕೆಳಗೂ ನೇಮಕ ಮಾಡುವುದಿಲ್ಲ ಎಂಬ ತೀರ್ಮಾನ ಕೂತಿರುತ್ತದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರು ಈರುಳ್ಳಿ ಬೆಲೆ ಬಿದ್ದ ವರ್ಷ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಲ್ಲಿ ಅವರಿಗೆ ಸಿಗಬೇಕಾದ ಮೂರನೆಯ ಪಾಳಿಯ ಕೆಲಸ ಮೊದಲೆರಡು ಪಾಳಿಯವರ ಬೆನ್ನ ಮೇಲೆ ಹಂಚಿಹೋಗುತ್ತದೆ.

ಹಳ್ಳಿಯ ಕೆಲಸಗಾರನಿಗೆ ರಜೆ ಯಾಕೆ ಎಂಬ ಭಾವನೆ ಇಂದಿನದಲ್ಲ. ಹಳೆಯ ಆಯಗಾರ ಪದ್ಧತಿಯಲ್ಲಿ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುವ ನೀರುಗಂಟಿ ಇದ್ದ. ಸುಗ್ಗಿಯಲ್ಲಿ ಕಣದಿಂದ ಕಾಳಿನ ಆಯ, ಕೆಲವು ಕಡೆ ಒಂದಿಷ್ಟು ಇನಾಮು ಜಮೀನು. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದ್ದು. ಕೆಲಸ ಮನುಷ್ಯನಿಗಲ್ಲ, ಮನೆತನಕ್ಕೆ ಸೇರಿದ್ದು. ಅಪ್ಪನಿಗೆ ಆಗದಿದ್ದರೆ ಮಗ, ಮಗನಿಲ್ಲದಿದ್ದರೆ ತಮ್ಮ. ಹೊತ್ತು ಗೊತ್ತು ಎಂಬುದಿಲ್ಲ. ಆ ಪದ್ಧತಿ ಹೋಗಿ ಕಾಲವಾಯಿತು. ಪಂಚಾಯಿತಿಗಳು 1993ರ ಕಾಯ್ದೆಯಡಿ ನಡೆಯುತ್ತಿವೆ, ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ, 2019ರ ಜಲ ಜೀವನ್ ಮಿಷನ್ ಬಂದ ಮೇಲೆ ಬೀದಿ ನಲ್ಲಿಯ ಜಾಗದಲ್ಲಿ ಮನೆ ಮನೆಗೆ ನಲ್ಲಿಯಾಯಿತು. ನಲ್ಲಿ ಹೆಚ್ಚಿದವು, ವಾಲ್ ಹೆಚ್ಚಿದವು, ಜಗಳ ಹೆಚ್ಚಿತು. ಆದರೆ ಕರೆದಾಗ ಬರಬೇಕು, ಮನೆಯವರೆಲ್ಲ ಸೇರಿ ಮಾಡಬೇಕು ಎಂಬ ಹಳೆಯ ನಿರೀಕ್ಷೆಯನ್ನು ನಾವು ಹಾಗೇ ಇಟ್ಟುಕೊಂಡಿದ್ದೇವೆ. ಕಾಳಿನ ಆಯ ನಿಂತಿತು, ಮನೆತನದ ಬಿಟ್ಟಿ ನಿಲ್ಲಲಿಲ್ಲ. ಬೆಳಗ್ಗೆ ನೀರು ಅರ್ಧ ಗಂಟೆ ತಡವಾದರೆ "ಎಲ್ಲಿ ಸತ್ನೋ" ಎನ್ನುವ ಬಾಯಿ ಮೆಂಬರದ್ದಷ್ಟೇ ಅಲ್ಲ, ನಮ್ಮ ಬೀದಿಯದೂ ಹೌದು.

ಇದನ್ನೆಲ್ಲ ಹೇಳಿದರೆ ಬರುವ ಮೊದಲ ಪ್ರಶ್ನೆ: ನೀರಿನವನಿಗೆ ದಿನವೆಲ್ಲ ಕೆಲಸವೆಲ್ಲಿದೆ, ವಾಲ್ ತಿರುಗಿಸಿ ಮರದಡಿ ಕೂತಿರುತ್ತಾನಲ್ಲ? ಕೂತಿರುತ್ತಾನೆ, ನಿಜ. ಲೆವೆಲ್ ಕ್ರಾಸಿಂಗ್ ಗೇಟಿನವನೂ ಎರಡು ರೈಲಿನ ನಡುವೆ ಕೂತಿರುತ್ತಾನೆ. ಹಾಗೆ ಕೂತವನಿಗೆಂದೇ ರೈಲ್ವೆ ಕಾಯ್ದೆ 75 ಗಂಟೆಯ ವರ್ಗ ಮಾಡಿತು. ಗಂಟೆ ಹೆಚ್ಚು ಕೊಟ್ಟಿತು, ಆದರೆ ವಾರಕ್ಕೊಂದು ಇಡೀ ರಾತ್ರಿಯ ನಿದ್ದೆಯನ್ನು ಕಿತ್ತುಕೊಳ್ಳಲಿಲ್ಲ. ಕಾಯುವುದೂ ಕೆಲಸವೇ ಎಂದು ಒಪ್ಪಿಕೊಂಡ ಕಾನೂನು ಅದು. ನಮ್ಮ ನೀರಿನವನಿಗೆ ಆ ಒರಟು ವರ್ಗವನ್ನೇ ಕೊಟ್ಟರೂ ಈಗಿರುವುದಕ್ಕಿಂತ ಎಷ್ಟೋ ವಾಸಿ.

ಎರಡನೆಯ ಪ್ರಶ್ನೆ: ಮೊಬೈಲಿನಿಂದಲೇ ಮೋಟ್ರು ಆನ್ ಮಾಡುವ ಸ್ಟಾರ್ಟರ್ ಬಂದಿದೆಯಲ್ಲ? ಬಂದಿದೆ, ತೋಟದವರು ಹಾಕಿಸಿಕೊಂಡಿದ್ದಾರೆ. ಪಂಚಾಯಿತಿಯೂ ಹಾಕಿಸಲಿ, ನಡುರಾತ್ರಿ ಕಾಡಂಚಿಗೆ ನಡೆಯುವುದು ತಪ್ಪುತ್ತದೆ. ಆದರೆ ಒಡೆದ ಪೈಪಿಗೆ ಅದು ರಬ್ಬರ್ ಸುತ್ತುವುದಿಲ್ಲ, ಕಾಲೊನಿಗೆ ನೀರು ಸಾಲಲಿಲ್ಲ ಎಂದು ಅದಕ್ಕೆ ತಿಳಿಯುವುದೂ ಇಲ್ಲ.

ಮೂರನೆಯದು ದುಡ್ಡಿನ ಪ್ರಶ್ನೆ. ಇದಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬೇಕು. ಪಂಚಾಯಿತಿಯೊಂದರಲ್ಲಿ ಆರು ಹಳ್ಳಿ, ಆರು ಜನ ನೀರಿನವರು ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನ ದಿನಕ್ಕೊಂದು ಹಳ್ಳಿಯಂತೆ ತಿರುಗುವ ಒಬ್ಬ ರೆಸ್ಟ್ ಗಿವರ್ ಇದ್ದರೆ ಆರೂ ಜನಕ್ಕೆ ವಾರದ ರಜೆ ಸಿಕ್ಕಿತು. ಏಳನೆಯ ದಿನ ಅವನ ರಜೆ. ಇನ್ನು ಅಂಗಡಿ ಕಾಯ್ದೆಯ ಅಳತೆಯನ್ನೇ ಇವರಿಗೂ ಹಿಡಿದರೆ ದುಡಿದು ಗಳಿಸಿದ ರಜೆ ವರ್ಷಕ್ಕೆ ಸುಮಾರು 15 ದಿನ, ಕಾಯಿಲೆಗೆ 12, ಹಬ್ಬಕ್ಕೆ 10, ಒಟ್ಟು 37. ಆರು ಜನಕ್ಕೆ 222 ದಿನ. ಇಷ್ಟನ್ನು ಒಬ್ಬ ಲೀವ್ ರಿಸರ್ವ್ ತೂಗಿಸಬಲ್ಲ. ಅಲ್ಲಿಗೆ ಆರಕ್ಕೆ ಇಬ್ಬರು ಹೆಚ್ಚು. ಒಬ್ಬರಿಗೆ ತಿಂಗಳಿಗೆ 15,000 ರೂಪಾಯಿ ಎಂದು ಹಿಡಿದರೆ ಇಬ್ಬರಿಗೆ 30,000. ಪಂಚಾಯಿತಿಯಲ್ಲಿ 1,500 ಮನೆಯಿದ್ದರೆ ಮನೆಗೆ ತಿಂಗಳಿಗೆ 20 ರೂಪಾಯಿ. ಎರಡು ಟೀ ಕಾಸು. ನೀರಿನ ಕಂದಾಯವನ್ನು ಬಾಕಿ ಉಳಿಸಿಕೊಂಡು, ಬಿಲ್ ಕಲೆಕ್ಟರ್ ಬಂದಾಗ ಒಳಮನೆಯಿಂದ "ಯಜಮಾನ್ರು ಇಲ್ಲ" ಎಂದು ಹೇಳಿಸುವ ನಮಗೆ ಪಂಚಾಯಿತಿಯಲ್ಲಿ ದುಡ್ಡಿಲ್ಲ ಎಂದು ಮರುಗುವ ಹಕ್ಕಿಲ್ಲ. ಪೂರ್ತಿ ನಮ್ಮ ತಲೆಗೇ ಕಟ್ಟಬೇಕೆಂದೂ ನಾನು ಹೇಳುತ್ತಿಲ್ಲ. ಪೈಪು ಹೂಳಲು ಕೋಟಿಗಟ್ಟಲೆ ಸುರಿದ ಸರ್ಕಾರಗಳು ಆ ಪೈಪಿನಲ್ಲಿ ನೀರು ಹರಿಸುವವನ ಬದಲಿಗೂ ಒಂದು ಪಾಲು ಎತ್ತಿಡಲಿ.

ಆದ್ದರಿಂದ ಕೇಳಬೇಕಾದದ್ದು ಇನ್ನೊಂದು ರಜೆಯನ್ನಲ್ಲ. ಇರುವ ರಜೆಗೆ ಆಳನ್ನು. ಒಂಟಿ ಹುದ್ದೆ ಮಂಜೂರು ಮಾಡುವ ಪ್ರತಿ ಆದೇಶದಲ್ಲೂ ಅದರ ಬದಲಿ ಹುದ್ದೆಯ ಸಾಲು ಇರಬೇಕು. ನೀರಿನವರಿಗೆ, ಅಂಗನವಾಡಿಗೆ, ಒಬ್ಬರೇ ಮೇಷ್ಟ್ರ ಶಾಲೆಗೆ ಪಂಚಾಯಿತಿ ಅಥವಾ ಹೋಬಳಿ ಮಟ್ಟದಲ್ಲಿ ಎಲ್.ಆರ್. ಪಟ್ಟಿ ಬೇಕು. ಹೊಸ ಸಂಹಿತೆಗಳಿಗೆ ನಿಯಮ ಬರೆಯುವಾಗ ರಜೆಯ ಕಲಂ ಕೆಳಗೆ ಬದಲಿಯ ಕಲಂ ಸೇರಿಸಲು ರಾಜ್ಯಕ್ಕೆ ಯಾರ ಅಡ್ಡಿಯೂ ಇಲ್ಲ. ಬದಲಿಗೆ ಬಂದವರು ಹೆಂಡತಿಯೇ ಆಗಲಿ, ತಮ್ಮನೇ ಆಗಲಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನಲ್ಲೇ ಸಹಿ ಬಿದ್ದು ಅವರ ಖಾತೆಗೇ ಕೂಲಿ ಹೋಗಬೇಕು. ಸ್ಟೇಷನ್ನಿನಲ್ಲಿ ಡ್ಯೂಟಿ ರೋಸ್ಟರ್ ಗೋಡೆಯ ಮೇಲಿರುತ್ತಿತ್ತು, ಯಾರು ಬೇಕಾದರೂ ಓದಬಹುದಿತ್ತು. ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿನಲ್ಲೂ ಹಾಗೊಂದು ಹಾಳೆ ಅಂಟಿಸಲು ಯಾವ ಅನುದಾನವೂ ಬೇಕಾಗಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪಗಳ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಿ: ನಮ್ಮೂರಿಗೆ ನೀರು ಬಿಡುವವನಿಗೆ ವಾರದ ರಜೆ ಯಾವ ದಿನ, ಆ ದಿನ ವಾಲ್ ತಿರುಗಿಸುವವರ ಹೆಸರೇನು? ಪಿ.ಡಿ.ಒ. ಒಂದು ಹೆಸರು ಹೇಳಿದರೆ ಕಾನೂನು ನಿಮ್ಮ ಊರಿಗೆ ಬಂದಿದೆ ಎಂದು ಅರ್ಥ. ದಿನ ಮಾತ್ರ ಹೇಳಿ ಹೆಸರು ಹೇಳದಿದ್ದರೆ ಇನ್ನೂ ದಾರಿಯಲ್ಲಿದೆ.